ಒಂದು ಅಂಟಿನುಂಡಿಯ ತೂಕ

ಎರಡು ವರ್ಷದ ಹಿಂದಿನ ದೀಪಾವಳಿ ಪಾಡ್ಯದ ದಿನ ಹುಬ್ಬಳ್ಳಿಯಲ್ಲಿ ನನ್ನ ಮೈದುನನ ಹೊಸ ಅಂಗಡಿಯ ಪೂಜೆ ಇತ್ತು. ಅಂದು ಆ ಅಂಗಡಿಯ ಮುಂದಿನ ಶಾಮಿಯಾನದ ಕೆಳಗೆ ನಿಂತು ನಾನು ಆಡಿದ ನಾಲ್ಕು ಮಾತು ನಮ್ಮ ಬಳಗದಲ್ಲಿ ಇವತ್ತಿಗೂ ಆರಿಲ್ಲ. "ಅಷ್ಟು ಮಂದಿ ಮುಂದ ಹಂಗ ಮಾತಾಡಬಾರದಿತ್ತು" ಎಂದು ಈಗಲೂ ಯಾರಾದರೂ ನನ್ನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳುತ್ತಾರೆ. ಕೇಳಿಸಿಕೊಳ್ಳುತ್ತೇನೆ. ತಪ್ಪಾಯಿತು ಎಂದು ಮಾತ್ರ ಯಾರ ಮುಂದೆಯೂ ಅಂದಿಲ್ಲ.

ನಾನು ಧಾರವಾಡದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಹಿಂದಿ ಕಲಿಸುತ್ತೇನೆ. ನನ್ನ ಗಂಡ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮೈದುನ ಈರಣ್ಣ ಮೊದಲು ಮನೆತನದ ಕಾಳುಕಡಿ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಅದರಲ್ಲಿ ಹುರುಪು ಸಾಲದೆ ಧಾರವಾಡದ ಲಕಮನಹಳ್ಳಿಯಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದು ಉಂಡಿ, ಚಕ್ಕುಲಿ, ಶೇಂಗಾ ಚಟ್ನಿ ಮಾಡಿಸಿ ಪಾಕೀಟು ಕಟ್ಟಿ ಮಾರತೊಡಗಿದ. ಮೈಮುರಿದು ದುಡಿಯುವ ಮನುಷ್ಯ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅವನಿನ್ನೂ ಕಾಲೇಜಿನಲ್ಲಿದ್ದ. ನನ್ನ ಕೈಯಡುಗೆ ಉಂಡು ಬೆಳೆದವನು. ಈ ಮಾತನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದೆ ನಡೆದದ್ದನ್ನು ಕೇಳಿದವರು ನಮ್ಮಿಬ್ಬರ ನಡುವೆ ಏನೋ ಹಳೆಯ ದ್ವೇಷ ಇದ್ದಿರಬೇಕು ಅಂದುಕೊಳ್ಳುತ್ತಾರೆ. ಅಂಥದ್ದೇನೂ ಇರಲಿಲ್ಲ.

ಆ ದೀಪಾವಳಿಗೆ ಹೆಚ್ಚೂಕಡಿಮೆ ಒಂದು ವರ್ಷ ಮೊದಲು ನನಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಅತ್ತೆಗೆ ಅದು ಬಹಳ ವರ್ಷಗಳಿಂದ ಇತ್ತು. ನನ್ನನ್ನು ನೋಡಿದ ಡಾಕ್ಟರಮ್ಮ ಚೀಟಿ ಬರೆಯುತ್ತಲೇ ಹೇಳಿದರು: "ಗುಳಿಗಿ ಕೊಡತೇನ್ರಿ ಟೀಚರ್. ಆದ್ರ ನಿಮ್ಮ ತಾಟು ಬದಲಾಗಲಿಲ್ಲಂದ್ರ ಬರೇ ಗುಳಿಗಿ ಏನೂ ಮಾಡಂಗಿಲ್ಲ." ಪಕ್ಕದ ಕೋಣೆಯಲ್ಲಿದ್ದ ಆಹಾರ ತಜ್ಞೆಯ ಹತ್ತಿರ ಕಳಿಸಿದರು. ಆಕೆ ನನ್ನ ತೂಕ, ವಯಸ್ಸು, ರಕ್ತದ ವರದಿ ನೋಡಿ, ಒಂದು ಊಟಕ್ಕೆ ಮೂವತ್ತು ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇರಲಿ ಎಂದರು. ಇದು ನಿಮಗೆ ಹಾಕಿಕೊಟ್ಟ ಲೆಕ್ಕ, ಮನೆಮಂದಿಗೆಲ್ಲ ಇದೇ ಅಲ್ಲ ಎಂದೂ ಎಚ್ಚರಿಸಿದರು. ನಮ್ಮಲ್ಲಿ ಮಾಡುವ ಜೋಳದ ರೊಟ್ಟಿ ಒಂದರಲ್ಲೇ ಹತ್ತಿರ ಹತ್ತಿರ ಅಷ್ಟು ಇರುತ್ತದೆ ಎಂದರು. ಮೂರು ರೊಟ್ಟಿ ತಿಂದು ಮೇಲೆ ಅನ್ನ ಉಣ್ಣುತ್ತಿದ್ದವಳು ನಾನು.

ಹೊರಡುವಾಗ ಆಕೆ ಮೇಜಿನ ಮೇಲಿದ್ದ ಬಿಸ್ಕೀಟಿನ ಪಾಕೀಟು ಎತ್ತಿ ತೋರಿಸಿದರು. "ಮುಂದಿನ ಬದಿ ಓದಬ್ಯಾಡ್ರಿ. ಅದು ಮಾರಾವರು ಬರದದ್ದು. ಹಿಂದ ತಿರುವಿ ಓದ್ರಿ. ಮೊದಲು ಎಷ್ಟು ಗ್ರಾಮಿಗೆ ಲೆಕ್ಕ ಕೊಟ್ಟಾರ ನೋಡ್ರಿ, ಆಮ್ಯಾಲೆ ಒಟ್ಟು ಕಾರ್ಬೋಹೈಡ್ರೇಟ್ ನೋಡ್ರಿ."

ಅಂದಿನಿಂದ ನಾನು ಪಾಕೀಟಿನ ಬೆನ್ನು ಓದುವವಳಾದೆ. ಅಕ್ಷರ ಎಷ್ಟು ಸಣ್ಣದೆಂದರೆ ಕನ್ನಡಕದ ಮೇಲೆ ಭೂತಗನ್ನಡಿ ಬೇಕಾಗುತ್ತಿತ್ತು. ನಮ್ಮ ಓಣಿಯ ಕಿರಾಣಿ ಅಂಗಡಿಯವರು ಒಂದು ದಿನ ಬೇಸತ್ತು, "ಟೀಚರ್, ಪಾಕೀಟು ಮನಿಗೆ ಒಯ್ದು ಅಭ್ಯಾಸ ಮಾಡ್ರಿ, ಹಿಂದ ಮಂದಿ ನಿಂತಾರ" ಎಂದರು. ನಾನು ಪಕ್ಕಕ್ಕೆ ಸರಿದು ನಿಂತು ಓದಿದೆ. 'ಆರೋಗ್ಯಕರ' ಎಂದು ಬರೆದದ್ದರ ಹಿಂದೆ ಮೈದಾ ಇತ್ತು. 'ಶುಗರ್ ಫ್ರೀ' ಎಂದು ಬರೆದದ್ದರಲ್ಲಿ ನೂರು ಗ್ರಾಮಿಗೆ ಎಪ್ಪತ್ತು ಗ್ರಾಂ ಕಾರ್ಬೋಹೈಡ್ರೇಟ್ ಇತ್ತು. ಸಿಟ್ಟು ಬರುತ್ತಿತ್ತು. ಆದರೆ ಆ ಸಿಟ್ಟಿನಿಂದಲೇ ನನ್ನ ಬಾಯಿ ಕಟ್ಟುವುದು ಹಗುರಾಯಿತು.

ಮನೆಯಲ್ಲಿ ಚೇಷ್ಟೆ ಸುರುವಾಯಿತು. ನಮ್ಮವರು, "ಇಕಿ ತಾಟಿನ್ಯಾಗ ಪಲ್ಯಾಕ್ಕಿಂತ ಲೆಕ್ಕ ಜಾಸ್ತಿ" ಎನ್ನುತ್ತಿದ್ದರು. ಅತ್ತೆಯದು ಚೇಷ್ಟೆಯಲ್ಲ, ಅಸಮಾಧಾನ. "ನಮ್ಮ ಹಿರ್ಯಾರು ಗ್ರಾಂ ಹಿಡದು ಉಂಡಿದ್ರೇನು? ಹಬ್ಬದ ಹೋಳಿಗಿ ವಾಪಸ್ ಕಳಸಿದ್ರ ಅನ್ನಪೂರ್ಣಿಗೆ ಅಪಮಾನ" ಎನ್ನುತ್ತಿದ್ದರು. ನಾನು ಹೋಳಿಗೆಯನ್ನು ನಾಲ್ಕು ಭಾಗ ಮಾಡಿ ಒಂದು ಭಾಗ ತಿಂದು ಉಳಿದದ್ದನ್ನು ನಮ್ಮವರ ತಾಟಿಗೆ ಹಾಕುತ್ತಿದ್ದೆ. ಯಾರು ಏನೆಂದರೂ ಬಿಡಲಿಲ್ಲ. ಆರು ತಿಂಗಳು ಕಳೆಯುವಷ್ಟರಲ್ಲಿ ರಕ್ತದ ವರದಿ ನೋಡಿ ಡಾಕ್ಟರಮ್ಮ ಗುಳಿಗೆ ಅರ್ಧಕ್ಕೆ ಇಳಿಸಿದರು. ಆ ದಿನ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಗೆಳತಿ ಮುಮ್ತಾಜ್ ಎಲ್ಲರಿಗೂ ಚಹಾ ಹೇಳಿದಳು. ಆಕೆ ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ನನಗಿಂತ ಸಣ್ಣವಳು, ಅಕ್ಕಾ ಎಂದೇ ಕರೆಯುತ್ತಾಳೆ. ಆಕೆಯ ಗಂಡ ಗ್ಯಾರೇಜು ಇಟ್ಟವರು. ಅವರಿಗೂ ಸಕ್ಕರೆ ಕಾಯಿಲೆ, ಕಾಲಿಗೆ ಆದ ಗಾಯವೊಂದು ಮಾಯದೆ ಕಾಡುತ್ತಿತ್ತು.

ನನ್ನ ಸುದ್ದಿ ಈರಣ್ಣನ ಕಿವಿಗೂ ಬಿತ್ತು. ಗಣಪತಿ ಹಬ್ಬಕ್ಕೆ ಮನೆಗೆ ಬಂದವನು ಚೀಲದಿಂದ ಒಂದು ಪಾಕೀಟು ತೆಗೆದು ನನ್ನ ಕೈಗಿಟ್ಟ. ಅಂಟಿನುಂಡಿ. ಹುಬ್ಬಳ್ಳಿ ಕಡೆ ಬಾಣಂತಿಯರಿಗೆ ಕಟ್ಟುವ, ಅಂಟು, ಉತ್ತತ್ತಿ ಎನ್ನುವ ಒಣ ಖರ್ಜೂರ, ಗೇರುಬೀಜ ಹಾಕಿದ ಉಂಡಿ. ಆದರೆ ಇದರ ಮೇಲೆ ಹಸಿರು ಅಕ್ಷರದಲ್ಲಿ 'ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಮಧುಮೇಹಿಗಳು ನಿಶ್ಚಿಂತೆಯಿಂದ ತಿನ್ನಿ' ಎಂದಿತ್ತು. ಅದರ ಕೆಳಗೆ 'ಒಂದು ಸರ್ವಿಂಗಿಗೆ ಕಾರ್ಬ್ ಬರೀ ಆರು ಗ್ರಾಂ' ಎಂದಿತ್ತು.

"ನಿಮ್ಮಿಂದನ ಈ ಐಡಿಯಾ ಬಂದದ್ದು, ವೈನಿ" ಎಂದ ಈರಣ್ಣ. ಅತ್ತಿಗೆಗೆ ನಮ್ಮಲ್ಲಿ ವೈನಿ ಎನ್ನುತ್ತಾರೆ. ಅವನ ಮುಖದಲ್ಲಿ ನಿಜವಾದ ಖುಷಿ ಇತ್ತು.

ನಾನು ಪಾಕೀಟು ತಿರುವಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ಸರ್ವಿಂಗ್, ಅಂದರೆ ಒಂದು ಸಲಕ್ಕೆ ತಿನ್ನುವ ಪ್ರಮಾಣ, ಹತ್ತು ಗ್ರಾಂ ಎಂದಿತ್ತು. ನೂರು ಗ್ರಾಮಿಗೆ ಕಾರ್ಬೋಹೈಡ್ರೇಟ್ ಅರವತ್ತೆರಡು. ಅಡುಗೆಮನೆಯ ಪುಟ್ಟ ತಕ್ಕಡಿ ತಂದು ಒಂದು ಉಂಡಿ ಇಟ್ಟೆ. ನಲವತ್ತು ಗ್ರಾಂ ತೋರಿಸಿತು.

"ಈರಣ್ಣ, ಈ ಒಂದು ಉಂಡ್ಯಾಗ ಇಪ್ಪತ್ತೈದು ಗ್ರಾಂ ಐತಿ. ಆರು ಅಂತ ಯಾಕ ಹಾಕೀದಿ?"

"ಆರು ಹತ್ತು ಗ್ರಾಮಿಗೆ, ವೈನಿ. ಬರದದ್ದು ಸುಳ್ಳೇನಲ್ಲ."

"ಹತ್ತು ಗ್ರಾಂ ಅಂದ್ರ ಕಾಲು ಉಂಡಿ. ಕಾಲು ಉಂಡಿ ಮುರದು ತಿಂದು ಉಳದದ್ದು ಯಾರು ಡಬ್ಬ್ಯಾಗ ಇಡ್ತಾರ?"

"ಆದ್ರ ಸಕ್ಕರಿ ಹಾಕಿಲ್ಲ, ಖರೇನ ಹಾಕಿಲ್ಲ. ಖರ್ಜೂರದ ಸವಿ ಅದು. ದೇವರು ಹಾಕಿದ್ದು."

"ದೇವರು ಹಾಕಿದ್ರೂ ಸಕ್ಕರಿ ಅಳಿಯೂ ಮೀಟರಿನ್ಯಾಗ ಬರತೈತಿ" ಎಂದೆ.

ಅವನು ನಕ್ಕುಬಿಟ್ಟ. "ಎಲ್ಲಾರೂ ಹಂಗ ಹಾಕ್ತಾರ, ವೈನಿ. ಅಷ್ಟು ಸಣ್ಣದು ಯಾರ್ ಓದ್ತಾರ?"

"ನಾ ಓದ್ತೇನಿ" ಎಂದೆ. ಅವನು ಅದನ್ನೂ ನಗೆಯಲ್ಲೇ ತೇಲಿಸಿದ. ನಮ್ಮವರು ಮಾತು ಬದಲಿಸಿದರು.

ಮಗ ಮಾಡಿದ ಉಂಡಿ, ಅದೂ ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ್ದು. ಅತ್ತೆ ಮುಂಜಾನೆ ಹಾಲಿನ ಜೊತೆ ಎರಡು, ಸಂಜೆ ಎರಡು ತಿನ್ನತೊಡಗಿದರು. ನಾನು ಬೇಡವೆಂದೆ. ಒಂದರಲ್ಲಿ ಅರ್ಧ ತಿನ್ನಿ ಎಂದೆ. ಅವರು ಪಾಕೀಟಿನ ಮುಂದಿನ ಬದಿಯ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲೆ ಬರದೈತಿ ನೋಡು. ನನ್ನ ಮಗ ಮಾಡಿದ್ದು ನನಗ ವಿಷ ಆಕ್ಕೈತೇನು?"

ದಸರೆಯ ಹೊತ್ತಿಗೆ ಅವರಿಗೆ ತಡೆಯದ ನೀರಡಿಕೆ. ಕುಳಿತಲ್ಲೇ ತೂಕಡಿಸುವರು. ಬನ್ನಿ ಕೊಟ್ಟ ಮರುದಿನ ಬಚ್ಚಲಮನೆಯ ಬಾಗಿಲಲ್ಲಿ ತಲೆ ತಿರುಗಿ ಬಿದ್ದರು. ಆಸ್ಪತ್ರೆಗೆ ಒಯ್ದು ನೋಡಿದರೆ ಸಕ್ಕರೆ ನಾಲ್ಕು ನೂರರ ಹತ್ತಿರ ಹೋಗಿತ್ತು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಹಣೆಗೆ ಹೊಲಿಗೆ ಹಾಕಿ ಒಳಗಿಟ್ಟುಕೊಂಡರು. ಹೊಸದಾಗಿ ಏನಾದರೂ ತಿನ್ನುತ್ತಿದ್ದಾರೆಯೇ ಎಂದು ಡಾಕ್ಟರು ಕೇಳಿದಾಗ ನಾನು ಉಂಡಿಯ ಸಂಗತಿ ಹೇಳಿದೆ. ಅವರು ಪಾಕೀಟಿನ ಹಿಂಬದಿ ಓದಿ, ಇದನ್ನು ಮೊದಲು ನಿಲ್ಲಿಸಿ ಎಂದರು.

ಈರಣ್ಣ ಓಡಿ ಬಂದ. ತಾಯಿಯ ಹಣೆಯ ಪಟ್ಟಿ ನೋಡಿ ಅತ್ತ. ಆದರೆ ವಾರ್ಡಿನ ಹೊರಗೆ ಬಂದು ಅವನಾಡಿದ ಮೊದಲ ಮಾತು, "ದಸರಾ ಹೋಳಿಗಿ ಹೆಚ್ಚಾಗಿರಬೇಕು" ಎಂದು.

"ಉಂಡಿ ಮಾರು, ನಾ ಬ್ಯಾಡ ಅನ್ನಂಗಿಲ್ಲ" ಎಂದೆ. "ಮಧುಮೇಹಿಗಳು ಅನ್ನೂ ಒಂದು ಸಾಲು ತಗಿ. ಆರು ಗ್ರಾಂ ಅನ್ನೂದು ತಗಿ. ಇಷ್ಟ ನಾ ಕೇಳೂದು."

"ಕವರು ಅಚ್ಚಾಗ್ಯಾವ, ವೈನಿ. ಅಂಗಡಿ ಪೂಜಿ ಬಂತು. ದೀಪಾವಳಿ ಆಗಲಿ, ನೋಡೋಣು."

ಇನ್ನು ಪಾಡ್ಯದ ದಿನ. ಅತ್ತೆ ಚೇತರಿಸಿಕೊಂಡಿದ್ದರು, ಮಗನ ಅಂಗಡಿ ನೋಡಲೇಬೇಕು ಎಂದು ಹಠ ಹಿಡಿದರು. ನಾವು ಮೂವರೂ ಧಾರವಾಡದಿಂದ ಕಾರಿನಲ್ಲಿ ಹೊರಟೆವು. ಅಂಗಡಿಯ ಮುಂದೆ ಇಳಿದು ತಲೆ ಎತ್ತಿದರೆ ಬಾಗಿಲ ಮೇಲೆ ನಾನೇ ಇದ್ದೆ. ನಾದಿನಿಯ ಮಗನ ಮದುವೆಯಲ್ಲಿ ಇಳಕಲ್ ಸೀರೆ ಉಟ್ಟು ತೆಗೆಸಿಕೊಂಡ ನನ್ನ ಫೋಟೋ, ಆಳೆತ್ತರದ ಬ್ಯಾನರಿನ ಮೇಲೆ. ಪಕ್ಕದಲ್ಲಿ ಉಂಡಿಯ ಪಾಕೀಟು. ಕೆಳಗೆ ದಪ್ಪ ಅಕ್ಷರದಲ್ಲಿ, 'ನಾನು ಸಕ್ಕರೆ ಕಾಯಿಲೆ ಗೆದ್ದದ್ದು ಈ ಉಂಡಿಯಿಂದ – ಗಿರಿಜಾ ಟೀಚರ್, ಧಾರವಾಡ'.

ನಮ್ಮವರ ಕಡೆ ನೋಡಿದೆ. "ಫೋಟೋ ಕೊಟ್ಟವರು ನೀವೇನು?"

"ಅವ ಕೇಳಿದ, ಕೊಟ್ಟೆ. ಹಿಂಗ ಬರಸ್ತಾನಂತ ಗೊತ್ತಿರಲಿಲ್ಲ" ಎಂದರು. ಮುಖ ಬಿಳಿಚಿತ್ತು, ಸುಳ್ಳಾಡುತ್ತಿರಲಿಲ್ಲ.

ಈರಣ್ಣ ತಲೆಗೆ ಹೊಸ ಜರತಾರಿ ಪಟಕ ಸುತ್ತಿಕೊಂಡು ನಗುತ್ತ ಬಂದ. ಅದನ್ನು ಈಗಲೇ ಇಳಿಸು ಎಂದೆ. ಅವನು ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ಇವತ್ತೊಂದು ದಿನ, ವೈನಿ. ಮಾರ್ಕೆಟ್ಟಿನ ಮಂದಿ ಎಲ್ಲಾ ಬಂದಾರ. ಕೈ ಮುಗೀತೇನಿ, ನಾಳೆ ನಾನ ಇಳಸ್ತೇನಿ." ನಮ್ಮವರು ನನ್ನ ಮೊಳಕೈ ಹಿಡಿದು ಕುರ್ಚಿಯ ಕಡೆ ನಡೆಸಿದರು. ಪೂಜೆ ನಡೆಯುವಾಗ ಜಗಳ ಬೇಡವೆಂದು ಕುಳಿತೆ. ಬರುವ ಹೋಗುವವರು ಬ್ಯಾನರು ನೋಡಿ, ನನ್ನ ಮುಖ ನೋಡಿ, ನಗುತ್ತಿದ್ದರು.

ಅಷ್ಟರಲ್ಲಿ ಮುಮ್ತಾಜ್ ಬಂದು ಪಕ್ಕದಲ್ಲಿ ಕುಳಿತಳು. ಅವಳ ತವರು ಹುಬ್ಬಳ್ಳಿಯೇ. ನಾನೇ ಪೂಜೆಗೆ ಬಾ ಎಂದು ಕರೆದಿದ್ದೆ. ಅವಳ ತೊಡೆಯ ಮೇಲೆ ಉಂಡಿಯ ನಾಲ್ಕಾರು ಪಾಕೀಟು.

"ಅಕ್ಕಾ, ಇದನ್ನ ನೀವು ನನಗ ಹೇಳಲೇ ಇಲ್ಲಲ್ಲ" ಎಂದಳು. "ನಮ್ಮ ಮನಿಯವರು ಸಿಹಿ ಬಿಟ್ಟು ಬಿಟ್ಟು ಸಣ್ಣ ಮಕ್ಕಳಂಗ ಆಗ್ಯಾರ. ನೀವ ತಿಂತೀರಿ ಅಂದ ಮ್ಯಾಲೆ ಇನ್ನೇನು ವಿಚಾರ ಮಾಡೂದು ಅಂತ ತೊಗೊಂಡೆ."

ಅವಳ ಗಂಡನ ಕಾಲಿನ ಗಾಯ ನನ್ನ ಕಣ್ಣ ಮುಂದೆ ಬಂತು. ಅವಳು ಹಿಂಬದಿ ಓದಬಲ್ಲವಳು. ಓದಿರಲಿಲ್ಲ, ಯಾಕೆಂದರೆ ಬಾಗಿಲ ಮೇಲಿನ ಬ್ಯಾನರಿನಲ್ಲಿ ನನ್ನ ಹೆಸರಿತ್ತು. ಅವಳಿಗೆ ಉತ್ತರ ಕೊಡುವ ಮೊದಲೇ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ನಿರೂಪಣೆ ಮಾಡುವ ಹುಡುಗಿ, "ಈಗ ಗಿರಿಜಾ ಟೀಚರ್ ಅವರು ತಮ್ಮ ಅನುಭವ ಹಂಚಿಕೊಳ್ಳುತ್ತಾರೆ" ಎಂದಳು. ನನ್ನನ್ನು ಯಾರೂ ಕೇಳಿರಲಿಲ್ಲ. ಬಲವಂತಕ್ಕೆ ನಾಲ್ಕು ಒಳ್ಳೆಯ ಮಾತು ಆಡಿ ಇಳಿಯುತ್ತಾಳೆ ಎಂದುಕೊಂಡಿದ್ದರು.

ಎದ್ದೆ. ವೇದಿಕೆಗೆ ಹೋಗುವ ಮೊದಲು ಅಂಗಡಿಯ ಒಳಗೆ ಹೋಗಿ ಕಟ್ಟೆಯ ಮೇಲಿದ್ದ ತೂಕದ ಯಂತ್ರ ಎತ್ತಿಕೊಂಡೆ. ಕೆಲಸದವರು ಗಾಬರಿಯಾದರೂ ಮಾಲೀಕರ ವೈನಿ ಎಂದು ಸುಮ್ಮನಾದರು. ಅದನ್ನು ತಂದು ವೇದಿಕೆಯ ಮೇಜಿನ ಮೇಲೆ, ಹೂವಿನ ಹಾರಗಳ ನಡುವೆ ಇಟ್ಟೆ. ಮುಮ್ತಾಜಳ ಕೈಯಿಂದ ತಂದಿದ್ದ ಪಾಕೀಟು ಹರಿದು ಒಂದು ಉಂಡಿ ಅದರ ಮೇಲೆ ಇಟ್ಟೆ. ಮುಖ್ಯ ಅತಿಥಿಯಾಗಿ ಕುಳಿತಿದ್ದ ಹಿರಿಯ ವ್ಯಾಪಾರಿಯೊಬ್ಬರನ್ನು ಎಷ್ಟಿದೆ ನೋಡಿ ಹೇಳಿ ಎಂದೆ.

"ನಲವತ್ತೊಂದು ಗ್ರಾಂ" ಎಂದರು ಅವರು.

"ನನ್ನ ಹೆಸರು ಗಿರಿಜಾ" ಎಂದು ಮೈಕಿನಲ್ಲಿ ಹೇಳಿದೆ. "ಮ್ಯಾಲೆ ಇರೂ ಫೋಟೋ ನಂದ. ಅದರ ಕೆಳಗಿನ ಮಾತು ನಂದಲ್ಲ. ನಾ ಈ ಉಂಡಿ ತಿಂದು ಸಕ್ಕರಿ ಇಳಿಸಿಲ್ಲ. ತಾಟಿನ್ಯಾಗ ಬರೂ ಪ್ರತಿಯೊಂದರ ಲೆಕ್ಕ ಹಾಕಿ, ಬಾಯಿ ಕಟ್ಟಿ, ಡಾಕ್ಟರ ಹೇಳಿದಂಗ ಕೇಳಿ ಇಳಿಸೇನಿ. ಈ ಪಾಕೀಟಿನ ಮ್ಯಾಲೆ ಆರು ಗ್ರಾಂ ಅಂತ ಐತಿ. ಅದು ಕಾಲು ಉಂಡಿ ಲೆಕ್ಕ. ಇಡೀ ಉಂಡಿಗೆ ಇಪ್ಪತ್ತೈದು. ಎರಡು ತಿಂದ್ರ ಐವತ್ತು. ಉಂಡಿ ಛಲೋ ಐತಿ. ಸಕ್ಕರಿ ಕಾಯಿಲೆ ಇಲ್ಲದವರು ತಿನ್ರಿ. ಇದ್ದವರು..."

ಅಲ್ಲಿಗೆ ಮೈಕು ಸತ್ತಿತು. ಯಾರು ಬಂದ್ ಮಾಡಿದರು ಎಂದು ನಾನು ಇವತ್ತಿಗೂ ಕೇಳಿಲ್ಲ. ಆದರೆ ನಾನು ಇಷ್ಟು ವರ್ಷ ಕಿಕ್ಕಿರಿದ ತರಗತಿಗೆ ಮೈಕಿಲ್ಲದೆ ಪಾಠ ಮಾಡಿದವಳು. ಹಿಂದಿನ ಬೆಂಚಿಗೆ ಕೇಳಿಸುವ ದನಿ ನನಗಿದೆ. ಆ ದನಿಯಲ್ಲೇ ಮುಂದುವರಿಸಿದೆ.

"ಇದ್ದವರು ಪಾಕೀಟು ತಿರುವಿ ಓದ್ರಿ. ಓದಾಕ ಬರದಿದ್ರ ಮನ್ಯಾಗಿನವರ ಕಡಿಂದ ಓದಸ್ರಿ. ನಮ್ಮ ಅತ್ತಿಯವರ ಹಣಿ ಮ್ಯಾಲಿನ ಹೊಲಿಗಿ ಗುರ್ತು ನೋಡ್ರಿ. ಮುಂದಿನ ಬದಿ ನಂಬಿ ತಿಂದದ್ದಕ್ಕ ಬಿದ್ದದ್ದು ಅದು."

ಮುಂದಿನ ಸಾಲಿನಲ್ಲಿ ಕುಳಿತಿದ್ದ ಅತ್ತೆ ಸೆರಗು ಎಳೆದು ಹಣೆ ಮುಚ್ಚಿಕೊಂಡರು. ಅವರನ್ನು ಕೇಳದೆ ಆ ಮಾತು ಆಡಿದ್ದೆ. ಈರಣ್ಣ ಅಂಗಡಿಯ ಬಾಗಿಲಿಗೆ ಒರಗಿ ನೆಲ ನೋಡುತ್ತ ನಿಂತಿದ್ದ.

ಕೆಳಗಿಳಿದು ಬಾಗಿಲ ಹತ್ತಿರ ಹೋಗಿ, ಅವನನ್ನು ದಾಟಿ, ಕುರ್ಚಿ ಹತ್ತಿ, ಬ್ಯಾನರಿನ ಒಂದು ಬದಿಯ ಹಗ್ಗ ಬಿಚ್ಚತೊಡಗಿದೆ. ಗಂಟು ಬಿಗಿಯಾಗಿತ್ತು, ಉಗುರು ಮುರಿಯಿತು. ಇನ್ನೊಂದು ಬದಿಯಲ್ಲಿ ಯಾರೋ ಹಗ್ಗಕ್ಕೆ ಕೈ ಹಾಕಿದ್ದು ಕಂಡಿತು. ಮುಮ್ತಾಜ್. ಅವಳೂ ಕುರ್ಚಿ ಹಾಕಿಕೊಂಡು ಹತ್ತಿ ನಿಂತಿದ್ದಳು. ಇಬ್ಬರೂ ಸೇರಿ ಅದನ್ನು ಇಳಿಸಿ, ಮಡಚಿ, ನಮ್ಮ ಕಾರಿನ ಡಿಕ್ಕಿಯಲ್ಲಿ ಹಾಕಿದೆವು. ಅವಳು ಉಳಿದ ಪಾಕೀಟುಗಳನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಬಂದಳು.

ವಾಪಸ್ ಬರುವಾಗ ಕಾರು ನವಲೂರು ದಾಟಿತು. ಆಮೇಲೆ ಅತ್ತೆ ಹಿಂದಿನ ಸೀಟಿನಿಂದ ಅಂದರು: "ನನ್ನ ಮಗನ ಮರ್ಯಾದಿ ಮಂದ್ಯಾಗ ಕಳದಿ."

"ಮರ್ಯಾದಿ ಅವ ಮತ್ತ ಗಳಸ್ತಾನ್ರಿ ಅತ್ತಿ" ಎಂದೆ. "ನೀವು ಬಚ್ಚಲದ ಮುಂದ ಬಿದ್ದದ್ದು ನಾ ಕಂಡೇನಿ. ಮತ್ತೊಬ್ಬರ ಮನ್ಯಾಗ ಹಂಗ ಆಗಬಾರದು."

ಮುಂದೆ ಬಹಳ ದಿನ ಅತ್ತೆ ನನ್ನ ಜೊತೆ ಮಾತೇ ಆಡಲಿಲ್ಲ, ಬೇಕಾದದ್ದನ್ನು ನಮ್ಮವರ ಮೂಲಕ ಕೇಳುತ್ತಿದ್ದರು. ಹೆಬ್ಬಳ್ಳಿಯ ನಾದಿನಿ ಫೋನು ಮಾಡಿ, ಮನೆತನ ಒಡೆಯುವ ಹೆಣ್ಣು ಎಂದಳು. ಚಿಕ್ಕಪ್ಪಂದಿರಾದ ಕಾಕಾಗಳು ನಮ್ಮವರನ್ನು ಕರೆಸಿ, ಹೆಂಡತಿಯನ್ನು ಹದ್ದುಬಸ್ತಿನಲ್ಲಿಡು ಎಂದು ಹೇಳಿ ಕಳಿಸಿದರು. ನಮ್ಮವರು ಮನೆಗೆ ಬಂದು ಹೊತ್ತು ಕಳೆದ ಮೇಲೆ, ನಾನು ಪಲ್ಯ ಹೆಚ್ಚುತ್ತಿದ್ದಲ್ಲಿಗೆ ಬಂದು ಕುಳಿತರು.

"ನೀ ಹೇಳಿದ್ದು ಖರೇನ ಐತಿ. ನನಗ ಅಲ್ಲೆ ಎದ್ದು ನಿಲ್ಲಾಕ ಧೈರ್ಯ ಆಗಲಿಲ್ಲ" ಎಂದರು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಈರಣ್ಣ ಸಂಕ್ರಾಂತಿಗೆ ಎಳ್ಳು ಕೊಡಲೂ ಬರಲಿಲ್ಲ. ಯುಗಾದಿಗೆ ಸ್ವಲ್ಪ ಮೊದಲು ಓಣಿಯ ಕಿರಾಣಿ ಅಂಗಡಿಯಲ್ಲಿ ಅವನ ಉಂಡಿಯ ಪಾಕೀಟು ಕಂಡಿತು. ಅಂಗಡಿಯವರು ತಾವಾಗಿಯೇ ಅದನ್ನು ತಿರುವಿ ನನ್ನ ಕೈಗೆ ಕೊಟ್ಟು, "ಓದ್ರಿ ಟೀಚರ್" ಎಂದರು. ಹೊಸ ಕವರು. ಮಧುಮೇಹಿಗಳು ಎನ್ನುವ ಸಾಲು ಇರಲಿಲ್ಲ. 'ಒಂದು ಉಂಡಿ, ನಲವತ್ತು ಗ್ರಾಂ, ಕಾರ್ಬೋಹೈಡ್ರೇಟ್ ಇಪ್ಪತ್ತೈದು ಗ್ರಾಂ' ಎಂದು ಮುಂದಿನ ಬದಿಯಲ್ಲೇ ಇತ್ತು, ನನಗೆ ಭೂತಗನ್ನಡಿ ಬೇಕಾಗಲಿಲ್ಲ.

ಯುಗಾದಿಗೆ ಅವನು ಬಂದ. ತಾಯಿಯ ಕಾಲಿಗೆ ನಮಸ್ಕಾರ ಮಾಡಿ, ಅಣ್ಣನ ಜೊತೆ ಕುಳಿತು, ನನ್ನ ಕಡೆ ನೋಡದೆಯೇ ಅಂದ: "ಹೊಸ ಕವರು ಹಾಕಿದ ಮ್ಯಾಲೆ ಆ ಉಂಡಿ ಮೊದಲಿನಂಗ ಮಾರಿ ಹೋಗವಲ್ದು."

"ಹೋಗದಿದ್ರ ಬಿಡು. ಅದರಿಂದ ಯಾರೂ ಬೀಳಂಗಿಲ್ಲ" ಎಂದೆ.

ಅವನು ಚಹಾ ಕುಡಿದ. ಕಪ್ಪು ಕೊಡುವಾಗ, "ಚಾ ಛಲೋ ಆಗಿತ್ತು, ವೈನಿ" ಎಂದ. ಮೊದಲಿನ ಸಲಿಗೆ ನಮ್ಮ ನಡುವೆ ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲ. ಅದೊಂದು ನೋವು ಇದೆ, ಇಲ್ಲವೆನ್ನುವುದಿಲ್ಲ.

ಆ ಬೇಸಿಗೆಯಲ್ಲೇ ಒಂದು ದಿನ ಅತ್ತೆ ಟೋಸ್ಟಿನ ಪಾಕೀಟು ತಂದು ನನ್ನ ಮುಂದೆ ಇಟ್ಟರು. "ಇದರ ಹಿಂದ ಏನ್ ಬರದಾರ, ಓದು" ಎಂದರು. ಓದಿ ಹೇಳಿದೆ. ಕೇಳಿಸಿಕೊಂಡು ಒಂದು ತುಂಡು ತೆಗೆದುಕೊಂಡು ಉಳಿದದ್ದನ್ನು ಕಟ್ಟಿಟ್ಟರು.

ಬಳಗದಲ್ಲಿ ನನಗೀಗ ಲೇಬಲ್ ವೈನಿ ಎಂದು ಹೆಸರು ಬಿದ್ದಿದೆ. ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ ಸಂಬಂಧಿಕರೊಬ್ಬರು, "ವೈನಿ ಬಂದ್ರು, ಲಾಡು ಮುಚ್ಚಿಡ್ರಿ" ಎಂದು ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ನನ್ನ ತಾಟಿಗೆ ಬಂದ ಲಾಡುವಿನಲ್ಲಿ ಚೂರು ಮುರಿದುಕೊಂಡು ಉಳಿದದ್ದನ್ನು ಅವರ ತಾಟಿಗೇ ಹಾಕಿದೆ. ನಗುವವರು ನಗಲಿ. ನನ್ನ ಹೆಸರು, ನನ್ನ ಮುಖ, ನಾನು ಬಾಯಿ ಕಟ್ಟಿ ಪಡೆದ ಆರೋಗ್ಯ ಇವು ಯಾವ ಪಾಕೀಟಿನ ಮೇಲೂ ಅಂಟಿಸುವ ಚೀಟಿಯಲ್ಲ. ನಾಳೆ ಮತ್ತೊಬ್ಬರು ಹಾಗೆ ಅಂಟಿಸಿದರೆ ಮತ್ತೆ ಎದ್ದು ನಿಲ್ಲುತ್ತೇನೆ.